ಆಳುವವರ ಭಾಷೆಯಲ್ಲೇ ಅವರನ್ನು ಕೆಣಕಿದ ಪತ್ರಕರ್ತ: ಲೂಯಿಸ್ ದೆ ಮೆನೆಜಿಸ್ ಬ್ರಗಾಂಜಾ

ಪಣಜಿಯಲ್ಲಿ ಮೆನೆಜಿಸ್ ಬ್ರಗಾಂಜಾ ಎಂದರೆ ಇಂದು ಬಹುತೇಕರಿಗೆ ಒಂದು ಕಟ್ಟಡ. ಗೋಷ್ಠಿ, ಪ್ರದರ್ಶನಗಳಿಗೆ ಹೋಗುವ ಸಂಸ್ಥೆ. ಆ ಹೆಸರಿನ ಹಿಂದೆ ಒಬ್ಬ ಪತ್ರಕರ್ತರಿದ್ದಾರೆಂಬುದು ನೆನಪಾಗುವುದು ವಿರಳ. ಪತ್ರಿಕೆಯಲ್ಲಿ ಬದುಕು ಸವೆಸಿದವರಿಗೆ ಕೊನೆಗೆ ದಕ್ಕುವುದು ಸಾಮಾನ್ಯವಾಗಿ ರದ್ದಿ ಅಂಗಡಿಯ ತಕ್ಕಡಿ. ಕಟ್ಟಡವೊಂದು ದಕ್ಕಿದೆಯೆಂದರೆ ಅದೃಷ್ಟವಂತರೆಂದೇ ಹೇಳಬೇಕು. ಆದರೆ ಹೆಸರು ಉಳಿದು ಬರಹ ಮರೆಯಾಗುವುದು ಎಂಥ ಅದೃಷ್ಟವೆಂಬ ಪ್ರಶ್ನೆ, ಗಡಿಯಲ್ಲಿ ಕನ್ನಡ ಅಕ್ಷರಗಳನ್ನು ನೆಚ್ಚಿ ಬದುಕುವ ನಮ್ಮನ್ನು ಬಿಡದೆ ಕಾಡುತ್ತದೆ.

ಲೂಯಿಸ್ ದೆ ಮೆನೆಜಿಸ್ ಬ್ರಗಾಂಜಾ ಅವರು 1878ರ ಜನವರಿ 15ರಂದು ದಕ್ಷಿಣ ಗೋವಾದ ಚಾಂದೋರಿನಲ್ಲಿ ಜನಿಸಿದರು. ಈ ಊರು ನಮಗೆ ಹೊಸದಲ್ಲ. ಗೋವೆಯ ಕದಂಬರು ತಮ್ಮ ರಾಜಧಾನಿಯನ್ನು ಗೋಪಕಪಟ್ಟಣಕ್ಕೆ ಸಾಗಿಸುವ ಮುನ್ನ ಆಳಿದ ಚಂದ್ರಪುರ ಇದೇ. ಕದಂಬರ ಕನ್ನಡ ಶಾಸನಗಳನ್ನು ಓದುವವರು ಆ ಸೀಮೆಯಲ್ಲಿ ಇಲ್ಲವಾಗಿ ಶತಮಾನಗಳೇ ಕಳೆದಿದ್ದವು. ಊರ ಚರ್ಚಿನ ಎದುರಿನ ಭವ್ಯ ಸೌಧವೊಂದರಲ್ಲಿ ಬೆಳೆದ ಈ ಶ್ರೀಮಂತ ಕ್ಯಾಥೊಲಿಕ್ ಮನೆತನದ ಹುಡುಗನ ಓದು, ಬರಹಗಳೆಲ್ಲ ಪೋರ್ಚುಗೀಸಿನಲ್ಲೇ ನಡೆದವು. ಅವರು ಕೂಡಿಸಿದ ಸುಮಾರು 5,000 ಪುಸ್ತಕಗಳ ಭಂಡಾರ ಗೋವಾದ ದೊಡ್ಡ ಖಾಸಗಿ ಗ್ರಂಥಾಲಯಗಳಲ್ಲಿ ಒಂದೆಂದು ಹೆಸರಾಯಿತು. ಅಂಥ ಸಿರಿವಂತಿಕೆಯಲ್ಲಿ ಹುಟ್ಟಿದವರು ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಅತಿಥಿಗಳಿಗೆ ತೋರಿಸಿ ಸುಮ್ಮನಿರಬಹುದಿತ್ತು. ಇವರು ಅವುಗಳನ್ನು ಓದಿದರು. ತೊಂದರೆ ಶುರುವಾದದ್ದು ಅಲ್ಲಿಂದ.

ಮುದ್ರಣದ ವಿಷಯದಲ್ಲಿ ಗೋವಾದ ಕಥೆಯೇ ವಿಚಿತ್ರವಾದುದು. ಭಾರತದ ಮೊದಲ ಮುದ್ರಣಯಂತ್ರ 1556ರಲ್ಲಿ ಬಂದಿಳಿದದ್ದು ಇಲ್ಲಿಗೇ. ಆದರೆ 1754ರಲ್ಲಿ ಪೋರ್ಚುಗೀಸ್ ಸರ್ಕಾರ ಮುದ್ರಣವನ್ನೇ ನಿಷೇಧಿಸಿತು. ಇಲ್ಲಿಯ ಮೊದಲ ಪತ್ರಿಕೆ ‘ಗಜೆಟಾ ದೆ ಗೋವಾ’ ಹೊರಬರಲು 1821ರವರೆಗೆ ಕಾಯಬೇಕಾಯಿತು. ಅದಾದ 22 ವರ್ಷಗಳಿಗೆ ಮಂಗಳೂರಿನಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಬಂದಿತು. ಯಂತ್ರ ಮೊದಲು ಬಂದ ಮಾತ್ರಕ್ಕೆ ಸುದ್ದಿ ಮೊದಲು ಬರಬೇಕೆಂಬ ನಿಯಮವೇನೂ ಇಲ್ಲ.

1900ರಲ್ಲಿ ಮೆಸ್ಸಿಯಾಸ್ ಗೋಮ್ಸ್ ಅವರು ಗೋವಾದ ಮೊದಲ ಪೋರ್ಚುಗೀಸ್ ದಿನಪತ್ರಿಕೆ ‘ಓ ಹೆರಾಲ್ದೊ’ವನ್ನು ಆರಂಭಿಸಿದಾಗ 22ರ ಹರೆಯದ ಬ್ರಗಾಂಜಾ ಅವರಿಗೆ ಜೊತೆಯಾದರು. 1910ರಲ್ಲಿ ಪೋರ್ಚುಗಲ್ಲಿನಲ್ಲಿ ರಾಜಪ್ರಭುತ್ವ ಉರುಳಿ ಗಣರಾಜ್ಯ ಬಂದಿತು; ಚರ್ಚು ಮತ್ತು ಸರ್ಕಾರ ಬೇರೆಬೇರೆಯಾದವು; ಗೋವಾದ ಹಿಂದೂಗಳಿಗೆ ಸಮಾನ ನಾಗರಿಕ ಹಕ್ಕುಗಳು ಲಭಿಸಿದವು. ಮರುವರ್ಷವೇ ಬ್ರಗಾಂಜಾ ತಮ್ಮದೇ ‘ಓ ದೆಬಾತೆ’ ಪತ್ರಿಕೆಯನ್ನು ಪ್ರಾರಂಭಿಸಿದರು. ಹೆಸರಿನ ಅರ್ಥ ಚರ್ಚೆ ಎಂದು. ಚರ್ಚೆಗೆ ಆಸ್ಪದವೇ ಇಲ್ಲದಿದ್ದ ನಾಡಿನಲ್ಲಿ ಅದು ತಕ್ಕ ಹೆಸರೇ. ಧರ್ಮಪೀಠದ ಅಧಿಕಾರ, ಜಾತಿಯ ಹಮ್ಮು, ವಸಾಹತು ಆಡಳಿತ, ಈ ಮೂರನ್ನೂ ಅವರ ವ್ಯಂಗ್ಯ ಬಿಡಲಿಲ್ಲ. ಹೀಗೆ ಬರೆದವರು ಕ್ಯಾಥೊಲಿಕ್ ಮನೆತನದ, ಮೇಲ್ಜಾತಿಯ, ಆಸ್ತಿವಂತ ವ್ಯಕ್ತಿಯಾಗಿದ್ದುದರಿಂದ ಹೊಟ್ಟೆಕಿಚ್ಚಿನ ಮಾತೆಂದು ಅದನ್ನು ತಳ್ಳಿಹಾಕುವ ಸೌಕರ್ಯ ವಿರೋಧಿಗಳಿಗೆ ಇರಲಿಲ್ಲ.

ಪೋರ್ಚುಗೀಸಿನಲ್ಲಿ ಬರೆದುದರಿಂದ ಒಂದು ಅನುಕೂಲವಿತ್ತು: ಟೀಕೆ ನೇರವಾಗಿ ಅಧಿಕಾರಿಯ ಮೇಜನ್ನು ತಲುಪುತ್ತಿತ್ತು, ಸರ್ಕಾರಕ್ಕೆ ಅನುವಾದಕರ ಖರ್ಚೂ ಉಳಿಯುತ್ತಿತ್ತು. ಅನನುಕೂಲವೂ ಅಷ್ಟೇ ದೊಡ್ಡದು. ಹೊಲದಲ್ಲಿ, ಮೀನು ಪೇಟೆಯಲ್ಲಿ ಕೊಂಕಣಿ ಆಡುತ್ತಿದ್ದ ಜನಸಾಮಾನ್ಯರಿಗೆ ಆ ಬರಹ ಎಟುಕುತ್ತಿರಲಿಲ್ಲ. ಯಾರ ಪರವಾಗಿ ಬರೆದರೋ ಅವರಲ್ಲಿ ಬಹುಪಾಲು ಜನ ಓದಲಾರರು. ಯಾರ ವಿರುದ್ಧ ಬರೆದರೋ ಅವರು ಒಂದಕ್ಷರ ಬಿಡದೆ ಓದುವರು.

1926ರಲ್ಲಿ ಪೋರ್ಚುಗಲ್ಲಿನಲ್ಲಿ ಸೈನಿಕ ಕ್ರಾಂತಿಯಾಗಿ, ಮುಂದೆ ಸಲಾಜಾರನ ಕಾಲ ಬಂದಾಗ ಈ ಶ್ರದ್ಧಾವಂತ ಓದುಗರ ಸಂಖ್ಯೆ ಹೆಚ್ಚಿತು. ಅಚ್ಚಾಗುವ ಮುನ್ನವೇ ಬರಹವನ್ನು ತಪಾಸಣೆಗೊಪ್ಪಿಸಬೇಕಾದ ಪದ್ಧತಿ ಜಾರಿಗೆ ಬಂದು, ಕಾಲಕ್ರಮದಲ್ಲಿ ಗೋವಾದ ಮದುವೆಯ ಕರೆಯೋಲೆಗೂ ಸರ್ಕಾರಿ ಒಪ್ಪಿಗೆ ಬೇಕಾಯಿತು. 1928ರಲ್ಲಿ ಹೊರಟ, ಹೆಸರಿನಲ್ಲೇ ಈ ನೆಲದ ನುಡಿಯನ್ನು ಹೊತ್ತ ‘ಪ್ರಕಾಶ’ ಪತ್ರಿಕೆಯಲ್ಲಿ ಬ್ರಗಾಂಜಾ ಬರೆಯುತ್ತ ಹೋದರು. 1930ರಲ್ಲಿ ಸಲಾಜಾರ್ ವಸಾಹತು ಕಾಯಿದೆಯನ್ನು ತಂದ. ಕಡಲಾಚೆಯ ನಾಡುಗಳನ್ನು ಹೊಂದಿರುವುದೂ ಅಲ್ಲಿಯ ಜನರನ್ನು ನಾಗರಿಕರನ್ನಾಗಿಸುವುದೂ ಪೋರ್ಚುಗೀಸ್ ರಾಷ್ಟ್ರದ ಮೂಲಸತ್ವವೆಂದು ಅದು ಸಾರಿತು. ಅದೇ ವರ್ಷದ ಜುಲೈಯಲ್ಲಿ ಪಣಜಿಯ ಶಾಸನಸಭೆಯಲ್ಲಿ ಬ್ರಗಾಂಜಾ ಎದ್ದುನಿಂತು, ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕು ಈ ನೆಲದ ಜನರಿಗಿದೆಯೆಂಬ ನಿರ್ಣಯವನ್ನು ಮಂಡಿಸಿದರು. ಲಿಸ್ಬನ್ ಕದಲಲಿಲ್ಲ. 1938ರ ಜುಲೈ 10ರಂದು ಅವರು ತೀರಿಕೊಂಡಾಗ ಗೋವಾದ ವಿಮೋಚನೆಗೆ ಇನ್ನೂ 23 ವರ್ಷಗಳಿದ್ದವು.

ಮಾತು ಮಾತ್ರ ಮನೆಯಲ್ಲಿ ಉಳಿಯಿತು. 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿಯನ್ನು ಕಟ್ಟಿದ ಟಿ.ಬಿ. ಕುನ್ಹಾ ಇವರ ಪತ್ನಿಯ ಸಹೋದರ. ಮಗಳು ಬೆರ್ತಾ ಸ್ವತಃ ಪತ್ರಕರ್ತೆಯಾಗಿ, 1946ರಲ್ಲಿ ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಹೊತ್ತಿಸಿದ ಚಳವಳಿಯಲ್ಲಿ ಭಾಗಿಯಾದರು.

ವಿಮೋಚನೆಯ ನಂತರ, 1871ರಲ್ಲಿ ಸ್ಥಾಪಿತವಾಗಿದ್ದ ವಾಸ್ಕೋ ಡ ಗಾಮಾ ಸಂಸ್ಥೆಗೆ ಬ್ರಗಾಂಜಾ ಅವರ ಹೆಸರನ್ನಿಡಲಾಯಿತು. ಅದರ ಪ್ರವೇಶದ್ವಾರದ ನೀಲಿ ಹೆಂಚಿನ ಚಿತ್ರಗಳು ಇಂದಿಗೂ ಗಾಮಾನ ಯಾನದ ಮಹಾಕಾವ್ಯವನ್ನೇ ಹಾಡುತ್ತಿವೆ. ವಸಾಹತುಶಾಹಿಯನ್ನು ಜೀವನಪೂರ್ತಿ ಕೆಣಕಿದವರ ಹೆಸರಿನ ಮನೆಗೆ ಆ ಚಿತ್ರಗಳ ನಡುವಿನಿಂದಲೇ ಒಳಹೋಗಬೇಕು. ಬ್ರಗಾಂಜಾ ಬದುಕಿದ್ದರೆ ಇದರ ಮೇಲೆ ಒಂದು ಸೊಗಸಾದ ಅಂಕಣ ಬರೆಯದೆ ಇರುತ್ತಿರಲಿಲ್ಲವೆಂದು ನಮ್ಮ ಊಹೆ.

ಆದರೆ ಅದನ್ನು ಓದುವವರು ಯಾರು? ಪೋರ್ಚುಗೀಸ್ ಬಲ್ಲವರ ತಲೆಮಾರು ಕರಗುತ್ತ ಬಂದಿತು. 1983ರಲ್ಲಿ ‘ಓ ಹೆರಾಲ್ದೊ’ ಸಹ ಇಂಗ್ಲಿಷಿಗೆ ಹೊರಳಿತು. ಸೆನ್ಸಾರಿನ ಕತ್ತರಿಯಿಂದ ಪಾರಾದ ಬರಹವೂ ಓದುವ ಭಾಷೆಯೇ ಸರಿದುಹೋದಾಗ ಮೌನವಾಯಿತು. ಇದನ್ನು ಪರರ ಕಥೆಯೆಂದು ಓದಿ ಮಡಚಿಡುವ ಸ್ಥಿತಿಯಲ್ಲಿ ನಾವಿಲ್ಲ. ಕನ್ನಡ ಆಡುತ್ತಲೇ ಕನ್ನಡ ಓದಲಾರದ ಮಕ್ಕಳು ಗಡಿಯ ಎರಡೂ ಕಡೆ ನಮ್ಮ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಕನ್ನಡಕ್ಕೊಂದು ಭವನ ಬೇಕೆಂದು ಮನವಿ ಕೊಡುವ ಉತ್ಸಾಹ ನಮಗೆ ಧಾರಾಳವಾಗಿದೆ. ಬಾಗಿಲ ಮೇಲಿನ ಹೆಸರನ್ನು ಮುಂದೆ ಓದಬೇಕಾದವರಿಗೆ ಅಕ್ಷರ ಕಲಿಸುವಾಗಲೂ ಅಷ್ಟೇ ಉತ್ಸಾಹ ಇರಲಿ.