ಸರ್ ಮಿರ್ಜಾ ಇಸ್ಮಾಯಿಲ್ ಎಲ್ಲಿ ಕಲಿತರು?

ನನ್ನ ಆಪಾ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಮುಂದೆ ಎಂ.ಬಿ.ಎ. ಸೇರಿ, ಸಂಸ್ಥೆ ನಡೆಸುವುದನ್ನೂ ನಾಯಕತ್ವವನ್ನೂ ಓದಬೇಕೆಂದು ಅವಳ ಆಸೆ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುವ ಅಬ್ಬಾಗೆ ಒಂದೇ ಅನುಮಾನ: ನಾಯಕತ್ವವನ್ನು ಫೀಸು ಕಟ್ಟಿ ಕಲಿಯಲು ಆಗುತ್ತದೆಯೇ? ಮಾಕಳಿಯ ನಮ್ಮ ಮನೆಯಲ್ಲಿ ಈ ಚರ್ಚೆ ನಡೆದಾಗಲೇ ನಾನು ಮಿರ್ಜಾ ಸಾಹೇಬರ ಬಗ್ಗೆ ಓದಿದ್ದು.

ಅವರು 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಪರ್ಷಿಯಾದಿಂದ ಬಂದು ಕುದುರೆ ವ್ಯಾಪಾರ ಮಾಡಿದ ಅಲಿ ಅಸ್ಕರ್ ಅವರ ತಾತ. ಅಲಿ ಅಸ್ಕರ್ ರಸ್ತೆಗೆ ಹೆಸರು ಬಂದದ್ದು ಅವರಿಂದಲೇ ಎಂದು ನನಗೆ ಈಗಷ್ಟೇ ಗೊತ್ತಾಯಿತು. ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಸೆಂಟ್ರಲ್ ಕಾಲೇಜಿನ ಬಿ.ಎ. ಮುಗಿಸಿ ಪೊಲೀಸ್ ಇಲಾಖೆ ಸೇರಿದರು, ನಂತರ ಮಹಾರಾಜರ ಕಾರ್ಯದರ್ಶಿಯಾದರು. ಸುಮಾರು ಇಪ್ಪತ್ತು ವರ್ಷ ಹೀಗೆ ಸರ್ಕಾರದ ಒಳಗೇ ಕೆಲಸ ಕಲಿತ ಮೇಲೆ 1926ರಲ್ಲಿ ದಿವಾನರಾದರು.

ಬೆಳಗಿನ ಹೊತ್ತು ಕುದುರೆಯೇರಿ ಊರು ಸುತ್ತುತ್ತಿದ್ದರಂತೆ. ರಸ್ತೆ, ಚರಂಡಿ, ಉದ್ಯಾನ ಎಲ್ಲವನ್ನೂ ಸ್ವತಃ ನೋಡಿ ಅಧಿಕಾರಿಗಳನ್ನು ವಿಚಾರಿಸುತ್ತಿದ್ದರು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಹೆಚ್ಚು ಹಿಡಿಸಿದ್ದು ಅವರ ಕಾಲದ ಕಾರ್ಖಾನೆಗಳು. ಮಂಡ್ಯದ ಸಕ್ಕರೆ ಕಂಪನಿ, ಭದ್ರಾವತಿಯ ಕಾಗದದ ಕಾರ್ಖಾನೆ ಆಗ ಬಂದವು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಮುಂದಾದಾಗ ಮೈಸೂರು ಸರ್ಕಾರ ಜಾಗ ಕೊಟ್ಟು ಬಂಡವಾಳವನ್ನೂ ಹಾಕಿತು. ಅದೇ ಇಂದಿನ ಎಚ್‌ಎಎಲ್.

ಆದರೆ 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಆಗ ದಿವಾನರು ಇವರೇ. ಚರಂಡಿ ಕಟ್ಟಿಕೊಂಡದ್ದನ್ನು ಕಂಡವರಿಗೆ ಜನ ಆಡಳಿತದಲ್ಲಿ ಪಾಲು ಕೇಳುತ್ತಿದ್ದದ್ದು ಏಕೆ ಕೇಳಿಸಲಿಲ್ಲ? ನಾನು ಎಷ್ಟು ಓದಿದರೂ ಇದಕ್ಕೆ ಸಮಾಧಾನದ ಉತ್ತರ ಸಿಗಲಿಲ್ಲ. ಆಮೇಲೆ ಸರ್ದಾರ್ ಪಟೇಲರ ಜೊತೆ ಮಾತುಕತೆಯಾಗಿ ಕಾಂಗ್ರೆಸ್ ಜೊತೆ ಒಪ್ಪಂದವಾಯಿತು.

1941ರಲ್ಲಿ ಹುದ್ದೆ ಬಿಟ್ಟು, ಜೈಪುರ ಮತ್ತು ಹೈದರಾಬಾದಿನಲ್ಲೂ ಆಡಳಿತ ನಡೆಸಿದರು. 1959ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಐಐಎಂ ಶುರುವಾದದ್ದು 1973ರಲ್ಲಿ.

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಡಿಗ್ರಿ ಇಲ್ಲದೆಯೂ ಆಗುತ್ತದಲ್ಲ ಎಂದು ಅಬ್ಬಾ ನಕ್ಕರು. ಅರಮನೆಯಲ್ಲಿ ಮಹಾರಾಜರ ಜೊತೆ ಓದುವ ಅವಕಾಶ ಎಷ್ಟು ಜನರಿಗೆ ಸಿಗುತ್ತದೆ ಎಂದು ಆಪಾ ಕೇಳಿದಳು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಗೆ ಕೊನೆಯ ದಿನ ಯಾವುದೆಂದು ವಿಚಾರಿಸಿದರು.