ಮಣ್ಣಿನ ಮರೆಯ ಜೀವಲೋಕ: ವಿನೊಗ್ರಾಡ್‌ಸ್ಕಿ

ಮುಠಾ ನದಿಯ ದಡದ ಕೆಸರಿನ ಬಳಿ ಮೂಗು ಮುಚ್ಚಿಕೊಳ್ಳದವರು ನಮ್ಮ ಪುಣೆಯಲ್ಲಿ ವಿರಳ. ಕೆಸರಿನ ಅಂಥ ದುರ್ವಾಸನೆಯ ಜಾಡು ಹಿಡಿದೇ ಒಂದು ಹೊಸ ಶಾಸ್ತ್ರಕ್ಕೆ ತಳಹದಿ ಹಾಕಿದ ಮಹನೀಯರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ.

ಇವರು 1856ರಲ್ಲಿ ಕೀವ್ ನಗರದಲ್ಲಿ ಸ್ಥಿತಿವಂತರ ಮನೆಯಲ್ಲಿ ಜನಿಸಿದರು. ಮೊದಲು ಕಾನೂನಿನ ವ್ಯಾಸಂಗಕ್ಕೆ ತೊಡಗಿ ಬೇಸತ್ತರು. ಅನಂತರ ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತಶಾಲೆಯಲ್ಲಿ ಪಿಯಾನೋ ವಾದ್ಯವನ್ನು ಅಭ್ಯಸಿಸಿದರು. ಅದೂ ಮನಸ್ಸಿಗೆ ನೆಮ್ಮದಿ ತರದಿರಲು 1877ರಲ್ಲಿ ಪ್ರಕೃತಿ ವಿಜ್ಞಾನದತ್ತ ಹೊರಳಿದರು. ನಮ್ಮಲ್ಲಾಗಿದ್ದರೆ ಹಿರಿಯರು ಇಂಥವನನ್ನು ಚಂಚಲನೆಂದು ಗದರಿಸಿಯಾರು!

ಸ್ಟ್ರಾಸ್‌ಬರ್ಗಿನಲ್ಲಿ ಅವರು ಗಂಧಕದ ನೀರಿನಲ್ಲಿ ಬಾಳುವ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದರು. ಆ ಜೀವಿಗಳು ದುರ್ವಾಸನೆಯ ಅನಿಲವನ್ನೇ ದಹಿಸಿ ತಮ್ಮ ಬಾಳಿಗೆ ಬೇಕಾದ ಶಕ್ತಿಯನ್ನು ಪಡೆಯುತ್ತವೆಂದು 1887ರಲ್ಲಿ ತೋರಿಸಿಕೊಟ್ಟರು. ಬಳಿಕ ಜ್ಯೂರಿಚ್ ನಗರದಲ್ಲಿ, ಮಣ್ಣಿನ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಜೀವಿಗಳನ್ನು ಹುಡುಕಿದರು. ವಾಡಿಕೆಯ ಪೌಷ್ಟಿಕ ಲೋಳೆಯಲ್ಲಿ ಇವು ಬೆಳೆಯಲೊಲ್ಲವು. ಹಲವರು ಸೋತದ್ದು ಇಲ್ಲಿಯೇ. ವಿನೊಗ್ರಾಡ್‌ಸ್ಕಿಯವರು ಸಾವಯವ ಆಹಾರವನ್ನೇ ವರ್ಜಿಸಿ, ಬರಿಯ ಲವಣಗಳ ದ್ರಾವಣದಲ್ಲಿ ಅವನ್ನು ಬೆಳೆಸಿದರು.

1905ರಲ್ಲಿ ನಿವೃತ್ತರಾಗಿ ತಮ್ಮ ಜಮೀನಿಗೆ ತೆರಳಿದರು. ರಷ್ಯದ ಕ್ರಾಂತಿಯಲ್ಲಿ ಆಸ್ತಿಯೂ ನಾಡೂ ಕೈಬಿಟ್ಟವು. 1922ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯು ಅವರನ್ನು ಬರಮಾಡಿಕೊಂಡಿತು. ಆಗ ಅವರಿಗೆ ಅರುವತ್ತಾರು ವರುಷ. ಬ್ರೀ-ಕಾಂತ್-ರೊಬೆರ್ ಎಂಬ ಸಣ್ಣ ಊರಿನಲ್ಲಿ ಮತ್ತೆ ಮಣ್ಣನ್ನು ಕೈಗೆತ್ತಿಕೊಂಡರು. ಮಣ್ಣಿನಲ್ಲಿ ಎರಡು ಬಗೆಯ ಜೀವಿಗಳಿವೆಯೆಂದು ಅಲ್ಲಿ ಸಾರಿದರು: ಹಳೆಯ ಗೊಬ್ಬರಾಂಶವನ್ನು ಮೆಲ್ಲಮೆಲ್ಲನೆ ಸವಿಯುವ ಸಂಯಮಿಗಳು ಒಂದೆಡೆ; ಔತಣ ಬಂದೊಡನೆ ಎದ್ದು ಕಿಕ್ಕಿರಿಯುವ ಹಸಿದವರು ಇನ್ನೊಂದೆಡೆ.

ಈ ಔತಣವು ಗಿಡದ ಬೇರಿನ ಸುತ್ತ ವಿಶೇಷವಾಗಿ ನಡೆಯುತ್ತದೆ. ಹಗಲಿನ ಬೆಳಕಿನಲ್ಲಿ ಎಲೆಗಳು ಸಕ್ಕರೆಯನ್ನು ತಯಾರಿಸುತ್ತವೆ. ಅದರಲ್ಲೊಂದು ಪಾಲು ಬೇರಿನಿಂದ ಮಣ್ಣಿಗೆ ಜಿನುಗುತ್ತದೆ. ಬೇರಿನ ಬಳಿಯ ಜೀವಿಗಳ ಮೇಳದಲ್ಲಿ ಹಗಲು ರಾತ್ರಿಗಳಿಗೆ ಅಂತರವುಂಟೆಂದು ಇತ್ತೀಚಿನ ಸಂಶೋಧನೆಗಳು ಕಂಡುಕೊಂಡಿವೆ. ಸೂರ್ಯನನ್ನು ಕಾಣದ ಆ ಜೀವಿಗಳಿಗೂ ಹೀಗೆ ಹೊತ್ತು ಮೂಡುತ್ತದೆ, ಹೊತ್ತು ಮುಳುಗುತ್ತದೆ.

1949ರಲ್ಲಿ ಅವರು ತಮ್ಮ ಮಣ್ಣಿನ ಸಂಶೋಧನೆಗಳ ಬೃಹತ್ ಗ್ರಂಥವನ್ನು ಪ್ರಕಟಿಸಿ, 1953ರಲ್ಲಿ ದಿವಂಗತರಾದರು. ಅವರ ಹೆಸರಿನ ಗಾಜಿನ ಕಂಬವನ್ನು ನಾವೂ ಮಾಡಬಹುದು. ಕೆಸರಿಗೆ ಕಾಗದದ ಚೂರು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೆರೆಸಿ, ಎತ್ತರದ ಗಾಜಿನ ಜಾಡಿಯಲ್ಲಿ ತುಂಬಿ, ಮೇಲೆ ನೀರು ಹಾಕಿ ಕಿಟಕಿಯ ಬಳಿ ಇಡಬೇಕು. ಕೆಲವು ವಾರಗಳಲ್ಲಿ ಹಸುರು, ನೇರಳೆ ಪಟ್ಟೆಗಳು ಮೂಡುತ್ತವೆ. ಕಪಾಟಿನ ಕತ್ತಲೆಯಲ್ಲಿಟ್ಟ ಜಾಡಿಯಲ್ಲಿ ಈ ಬಣ್ಣಗಳು ಕಾಣಿಸಲಾರವು.