ದೀಪ ಗೊತ್ತು, ವರದಿ ಗೊತ್ತೇ?

ಶಾಲೆಯಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಕತ್ತಲು ತುಂಬಿದ ವಾರ್ಡು, ಸಾಲಾಗಿ ಮಲಗಿದ ಗಾಯಾಳು ಸೈನಿಕರು, ಅವರ ನಡುವೆ ದೀಪ ಹಿಡಿದು ನಡೆಯುವ ತೆಳ್ಳಗಿನ ಹೆಂಗಸು. ಚಿತ್ರ ಸುಳ್ಳಲ್ಲ. ಆದರೆ ಆ ಯುದ್ಧದ ಆಸ್ಪತ್ರೆಗಳಲ್ಲಿ ಅವರು ಇದ್ದದ್ದು ಎರಡು ವರ್ಷಕ್ಕಿಂತ ಕಡಿಮೆ. ಅದಾದ ಮೇಲೆ 54 ವರ್ಷ ಬದುಕಿದರು. ಅದರಲ್ಲಿ ಬಹುಕಾಲ ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾಗದೆ, ಹಾಸಿಗೆಯ ಮೇಲೆ ಕಾಗದ ಹರಡಿಕೊಂಡು, ಸರ್ಕಾರಕ್ಕೆ ವರದಿ ಬರೆಯುತ್ತಾ ಕಳೆದರು. ದೀಪ ಎಷ್ಟು ಜೀವ ಉಳಿಸಿತೋ ಲೆಕ್ಕವಿಲ್ಲ. ವರದಿಗಳು ಉಳಿಸಿದ ಜೀವಗಳ ಲೆಕ್ಕವಿದೆ, ಅದನ್ನೂ ಅವರೇ ಬರೆದಿಟ್ಟಿದ್ದಾರೆ.

ಈ ಸಂಗತಿ ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ಪದವಿ ಓದುವಾಗ ನಮ್ಮ ಹಾಸ್ಟೆಲಿನ ನೀರು ಕೆಟ್ಟಿದೆ ಎಂದು ಏಳೆಂಟು ಗೆಳೆಯರು ಸೇರಿ ಆರು ಪುಟದ ಮನವಿ ಬರೆದಿದ್ದೆವು. ಪುಟದ ತುಂಬ ಸಿಟ್ಟಿತ್ತು, ದೊಡ್ಡ ದೊಡ್ಡ ಪದಗಳಿದ್ದವು. ಎಷ್ಟು ಹುಡುಗರಿಗೆ ಹೊಟ್ಟೆ ಕೆಟ್ಟಿತ್ತು, ಯಾವ ತಿಂಗಳು, ಯಾವ ಟ್ಯಾಂಕಿನ ನೀರು ಕುಡಿದವರಿಗೆ ಎಂಬ ಒಂದು ಸಾಲೂ ಇರಲಿಲ್ಲ. ಮನವಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನೈಟಿಂಗೇಲ್ ಅವರ ಬದುಕನ್ನು ಓದುವಾಗ ಆ ಆರು ಪುಟ ಮತ್ತೆ ಮತ್ತೆ ನೆನಪಾಯಿತು.

ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ಇಂಗ್ಲೆಂಡಿನ ಶ್ರೀಮಂತ ಮನೆತನ. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಅಪ್ಪನೇ ಮನೆಯಲ್ಲಿ ಗ್ರೀಕ್, ಲ್ಯಾಟಿನ್, ಚರಿತ್ರೆ ಕಲಿಸಿದರು. ಹುಡುಗಿಗೆ ಗಣಿತದ ಹುಚ್ಚು. ಅಮ್ಮನಿಗೋ, ಮದುವೆಯಾಗಬೇಕಾದ ಹುಡುಗಿಗೆ ಲೆಕ್ಕವೇಕೆ ಎಂಬ ಚಿಂತೆ. ನರ್ಸ್ ಆಗುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಆಗ ನರ್ಸ್ ಕೆಲಸಕ್ಕೆ ಮರ್ಯಾದೆಯೇ ಇರಲಿಲ್ಲ. ವರ್ಷಗಟ್ಟಲೆ ಹಟ ಹಿಡಿದು 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ಗೆ ಹೋಗಿ ತರಬೇತಿ ಪಡೆದರು.

1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನಲ್ಲಿದ್ದ ಪುಟ್ಟ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಸಿಕ್ಕಿತು. ಚರಿತ್ರೆಯ ಪುಸ್ತಕಗಳು ಈ ಒಂದು ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಮಾತ್ರ ಇದೇ ಅವರ ಪಾಠಶಾಲೆ ಅನಿಸುತ್ತದೆ. ಆಡಳಿತ ಮಂಡಳಿಗೆ ಅವರು ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸುತ್ತಿದ್ದರು. ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ ಬೇಕು, ಊಟವನ್ನು ಮೇಲಕ್ಕೆಳೆಯಲು ರಾಟೆಯ ಲಿಫ್ಟ್ ಬೇಕು, ಯಾವ ರೋಗಿ ಕರೆಯುತ್ತಿದ್ದಾರೆಂದು ತೋರಿಸುವ ಗಂಟೆ ಬೇಕು ಎಂದು ಕೇಳಿದರು. ಬರೀ ಬೇಡಿಕೆಯ ಪಟ್ಟಿ ಕೊಡಲಿಲ್ಲ. ಇವಿಲ್ಲದಿದ್ದರೆ ನರ್ಸ್ ಎಂಬವಳು ಮೆಟ್ಟಿಲು ಹತ್ತಿಳಿಯುವ ಜೋಡಿ ಕಾಲಾಗಿ ಉಳಿಯುತ್ತಾಳೆ ಎಂದು ಕಾರಣವನ್ನೂ ತಿಳಿಸಿದರು. ಆ ಮಾತು ಓದಿದ ಮೇಲೆ ರಾಟೆಯ ಖರ್ಚು ದುಂದು ಅನಿಸುವುದು ಕಷ್ಟ.

ಅಲ್ಲಿಯೇ ಇನ್ನೊಂದನ್ನೂ ಕಲಿತರು. ಮಂಡಳಿಯ ಒಳರಾಜಕೀಯಕ್ಕೆ ಕೈಹಾಕುವುದಿಲ್ಲ ಎಂದುಕೊಂಡೇ ಕೆಲಸಕ್ಕೆ ಸೇರಿದ್ದವರು, ಕೆಲವೇ ತಿಂಗಳಲ್ಲಿ ಅಪ್ಪನಿಗೆ ಬರೆದ ಕಾಗದದಲ್ಲಿ ಬೇರೆಯೇ ಗುಟ್ಟು ಬಿಟ್ಟುಕೊಟ್ಟರು. ಯಾವ ಠರಾವನ್ನು ಯಾವ ಸದಸ್ಯರು ಮಂಡಿಸಿದರೆ ಗೆಲ್ಲುತ್ತದೆ ಎಂದು ಯೋಚಿಸಿ, ಮೊದಲೇ ಅವರ ಕಿವಿಗೆ ಹಾಕಿ ಸುಮ್ಮನಿರುತ್ತಿದ್ದರಂತೆ. ಸಭೆಯಲ್ಲಿ ಅದು ಆ ಸದಸ್ಯರದೇ ಯೋಚನೆಯಾಗಿ ಪಾಸಾಗುತ್ತಿತ್ತು.

1854ರಲ್ಲಿ ಕ್ರಿಮಿಯಾ ಯುದ್ಧ. ರಷ್ಯಾದ ವಿರುದ್ಧ ಬ್ರಿಟನ್, ಫ್ರಾನ್ಸ್, ತುರ್ಕಿ ಒಂದಾಗಿದ್ದವು. ಗಾಯಾಳುಗಳ ಪಾಡು ಪತ್ರಿಕೆಗಳಲ್ಲಿ ಬಂದು ಲಂಡನ್ ಕುದಿಯುತ್ತಿದ್ದಾಗ, ಮಂತ್ರಿ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯಂತೆ 38 ನರ್ಸುಗಳೊಂದಿಗೆ ನವೆಂಬರ್ 4ರಂದು ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿಗೆ ಬಂದಿಳಿದರು. ದೀಪದ ಕಥೆ ಇಲ್ಲಿಯದೇ. ಆ ಬ್ಯಾರಕ್ ಆಸ್ಪತ್ರೆಯ ಅಡಿಯಲ್ಲಿ ಕಟ್ಟಿಕೊಂಡ ಚರಂಡಿಗಳಿದ್ದವು. 1855ರ ಫೆಬ್ರುವರಿಯಲ್ಲಿ ಸಾವು ನೂರಕ್ಕೆ 42ರಷ್ಟು ಮುಟ್ಟಿತು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ತಂಡ ಬಂದು ಚರಂಡಿ ತೊಳೆಸಿತು, ಸತ್ತ ಪ್ರಾಣಿಗಳನ್ನು ಎತ್ತಿಸಿತು, ಗಾಳಿಯಾಡುವಂತೆ ಮಾಡಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಊಟ, ಬಟ್ಟೆ, ಹಾಸಿಗೆಗಾಗಿ ಹಗಲಿರುಳು ಬಡಿದಾಡಿದ್ದ ನೈಟಿಂಗೇಲ್ ಅವರಿಗೂ ಚರಂಡಿಯ ಪಾಲು ಎಷ್ಟು ದೊಡ್ಡದೆಂದು ಅಲ್ಲಿದ್ದಾಗ ಪೂರ್ತಿ ಅರ್ಥವಾಗಿರಲಿಲ್ಲ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಅರ್ಥವಾದದ್ದು ಊರಿಗೆ ಬಂದು ಲೆಕ್ಕ ಹಾಕಿದಾಗ. ಆ ಲೆಕ್ಕವೂ ಸುಲಭದ್ದಾಗಿರಲಿಲ್ಲ. ಸತ್ತವರ ಸಂಖ್ಯೆ ಒಂದು ಕಚೇರಿಯ ಪುಸ್ತಕದಲ್ಲಿ ಒಂದು, ಇನ್ನೊಂದರಲ್ಲಿ ಮತ್ತೊಂದು.

1856ರ ಆಗಸ್ಟ್‌ನಲ್ಲಿ ಸದ್ದಿಲ್ಲದೆ ಮನೆಗೆ ಮರಳಿದರು. ಮೆರವಣಿಗೆ, ಸನ್ಮಾನ ಯಾವುದೂ ಬೇಡವೆಂದರು. ಮುಂದಿನ ತಿಂಗಳೇ ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿ ರಾಣಿ ವಿಕ್ಟೋರಿಯಾ ಅವರನ್ನು ಕಂಡು, ಸೇನೆಯ ಆರೋಗ್ಯದ ಬಗ್ಗೆ ತನಿಖಾ ಆಯೋಗ ಬೇಕೆಂದು ಕೇಳಿದರು. ಯುದ್ಧಮಂತ್ರಿ ಲಾರ್ಡ್ ಪ್ಯಾನ್‌ಮ್ಯೂರ್ ತಲೆಯಾಡಿಸಿದರು, ಆದರೆ ತಿಂಗಳುಗಟ್ಟಲೆ ಕಡತ ಕದಲಲಿಲ್ಲ. ಕೊನೆಗೆ ನೈಟಿಂಗೇಲ್, ತನ್ನ ಬಳಿಯಿರುವ ಸಂಗತಿಗಳನ್ನೆಲ್ಲ ಜನರ ಮುಂದಿಡಬೇಕಾಗುತ್ತದೆ ಎಂಬ ಸೂಚನೆ ಕೊಟ್ಟ ಮೇಲೆ, 1857ರ ಮೇ ತಿಂಗಳಲ್ಲಿ ಆಯೋಗ ರಚನೆಯಾಯಿತು. ಅಧ್ಯಕ್ಷರು ಹರ್ಬರ್ಟ್. ಹೆಣ್ಣಾದ್ದರಿಂದ ನೈಟಿಂಗೇಲ್ ಸದಸ್ಯರಾಗುವಂತಿರಲಿಲ್ಲ. ಸಾಕ್ಷ್ಯವನ್ನು ಬರೆದು ಕಳಿಸಿದರು. ಯಾವ ಸಾಕ್ಷಿಗೆ ಏನು ಕೇಳಬೇಕು ಎಂಬುದನ್ನೂ ಮನೆಯಿಂದಲೇ ಸಿದ್ಧಪಡಿಸಿ ಕೊಡುತ್ತಿದ್ದರು. ಇದರ ಜೊತೆಗೇ ಎಂಟುನೂರಕ್ಕೂ ಹೆಚ್ಚು ಪುಟಗಳ ತಮ್ಮದೇ ವರದಿಯನ್ನೂ ಬರೆದರು. ಅದು 1858ರಲ್ಲಿ ಖಾಸಗಿಯಾಗಿ ಅಚ್ಚಾಯಿತು.

ಈ ಕೆಲಸದಲ್ಲಿ ಜೊತೆಯಾದವರು ವಿಲಿಯಂ ಫಾರ್, ದೇಶದ ಜನನ ಮರಣ ನೋಂದಣಿ ಕಚೇರಿಯ ಅಂಕಿಅಂಶ ತಜ್ಞ. ವರದಿ ತೀರಾ ಒಣಗಿದಂತಿದೆ ಎಂದು ನೈಟಿಂಗೇಲ್ ಪೇಚಾಡಿಕೊಂಡಾಗ, ಎಷ್ಟು ಒಣಗಿದ್ದರೆ ಅಷ್ಟು ಒಳ್ಳೆಯದು ಎಂದು ಫಾರ್ ಸಮಾಧಾನ ಹೇಳಿದರು. ಶಿಷ್ಯೆ ಗುರುವಿನ ಮಾತನ್ನು ಅರ್ಧ ಕೇಳಿದರು. ಅಂಕಿಗಳನ್ನು ಒಣಗಿಯೇ ಇಟ್ಟರು, ಹೋಲಿಕೆಯಲ್ಲಿ ಮಾತ್ರ ಬೆಂಕಿ ಇಟ್ಟರು.

ಒಂದು ಉದಾಹರಣೆ ನೋಡಿ. ಯುದ್ಧವಿಲ್ಲದ ಕಾಲದಲ್ಲಿ, ಇಂಗ್ಲೆಂಡಿನ ಒಳಗೇ, ಬ್ಯಾರಕ್‌ಗಳಲ್ಲಿ ಸುಮ್ಮನೆ ಇದ್ದ ಸೈನಿಕರು ಎಷ್ಟು ಮಂದಿ ಸಾಯುತ್ತಿದ್ದರು? ಪಡೆಯಿಂದ ಪಡೆಗೆ ಬೇರೆ ಬೇರೆ, ಸಾವಿರಕ್ಕೆ 17, 19, 20. ಊರಿನ ಜನರಲ್ಲಿ ಸಾವಿರಕ್ಕೆ 11. ಸೈನಿಕರೋ ವೈದ್ಯರು ಪರೀಕ್ಷಿಸಿ ಆರಿಸಿದ ಗಟ್ಟಿಮುಟ್ಟಾದ ಹುಡುಗರು. ಅವರು ಕಡಿಮೆ ಸಾಯಬೇಕಿತ್ತು. ಇಷ್ಟನ್ನೇ ಬರೆದಿದ್ದರೆ ಕೋಷ್ಟಕದಲ್ಲಿ ಮೂರು ಅಂಕಿ ಸೇರಿಕೊಂಡು ಮಲಗಿರುತ್ತಿದ್ದವು. ನೈಟಿಂಗೇಲ್ ವ್ಯತ್ಯಾಸವನ್ನು ತಲೆಗಳಾಗಿ ಎಣಿಸಿದರು. ಪ್ರತಿ ವರ್ಷ 1100 ಸೈನಿಕರನ್ನು ಸಾಲ್ಸ್‌ಬರಿ ಬಯಲಿಗೆ ಕರೆದೊಯ್ದು ಗುಂಡಿಟ್ಟು ಕೊಂದರೆ ಎಷ್ಟು ಅಪರಾಧವೋ ಇದೂ ಅಷ್ಟೇ ಅಪರಾಧ ಎಂದರು. ಇಲ್ಲಿ ಕಣ್ಣೀರಿಲ್ಲ, ಅಯ್ಯೋ ಪಾಪವಿಲ್ಲ. ಯಾರು ಎಷ್ಟು ಸಲ ಕೂಡಿ ಕಳೆದರೂ ಲೆಕ್ಕ ತಪ್ಪುವುದಿಲ್ಲ. ಹಾಗಾಗಿಯೇ ಅದನ್ನು ತಳ್ಳಿಹಾಕಲು ದಾರಿ ಉಳಿಯಲಿಲ್ಲ.

ಇನ್ನು ಅವರ ಹೆಸರುವಾಸಿ ಚಿತ್ರ. ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳು, ವೃತ್ತಾಕಾರವಾಗಿ ಜೋಡಿಸಿದ್ದು. ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು ನೀಲಿ, ಗಾಯದಿಂದ ಸತ್ತವರು ಕೆಂಪು, ಉಳಿದ ಕಾರಣ ಕಪ್ಪು. ನೋಡಿದ ಕೂಡಲೇ ನೀಲಿಯೊಂದೇ ಕಣ್ಣಿಗೆ ಬೀಳುತ್ತದೆ. ಸೈನಿಕ ಎಂದರೆ ಶತ್ರುವಿನ ಗುಂಡಿಗೆ ಸಾಯುವವನು ಎಂದುಕೊಂಡವರ ಮುಂದೆ ಕೆಂಪು ಬಣ್ಣ ಸಣ್ಣ ಚೂರಾಗಿ ಕೂತಿತ್ತು. ಮೊದಲು ಬಿಡಿಸಿದ ಚಿತ್ರದಲ್ಲಿ ಒಂದು ದೋಷವಿತ್ತು: ಸಾವಿನ ಸಂಖ್ಯೆಯನ್ನು ಎಸಳಿನ ಉದ್ದದಲ್ಲಿ ತೋರಿಸಿದ್ದರಿಂದ ದೊಡ್ಡ ತಿಂಗಳುಗಳು ನಿಜಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು. ಆ ಉತ್ಪ್ರೇಕ್ಷೆ ಅವರ ವಾದಕ್ಕೇ ಅನುಕೂಲವಾಗಿತ್ತು. ಆದರೂ ಬಿಟ್ಟು, ಎಸಳಿನ ವಿಸ್ತೀರ್ಣವೇ ಸಂಖ್ಯೆಗೆ ಸರಿಹೊಂದುವಂತೆ ಮತ್ತೆ ಬಿಡಿಸಿದರು. ಅವರ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಹುಟ್ಟಿದ್ದು ಈ ಜಾಗದಲ್ಲಿ.

ಅಷ್ಟಕ್ಕೇ ಬಿಡಲಿಲ್ಲ. 1857ರ ಕ್ರಿಸ್‌ಮಸ್ ದಿನ ಹರ್ಬರ್ಟ್ ಅವರಿಗೆ ಕಾಗದ ಬರೆಯುತ್ತಾ ಕೂತರು. ವರದಿಯ ಅನುಬಂಧವನ್ನು ವಿಜ್ಞಾನಿಗಳ ಹೊರತು ಯಾರೂ ತೆರೆದು ನೋಡುವುದಿಲ್ಲ, ಆದ್ದರಿಂದ ಚಿತ್ರಗಳನ್ನು ಬೇರೆಯಾಗಿ ಅಚ್ಚು ಹಾಕಿಸಿ ಸಾಮಾನ್ಯರಿಗೆ ಹಂಚಬೇಕು ಎಂದರು. ಆ ಸಾಮಾನ್ಯರು ಯಾರು ಎಂದು ಪಟ್ಟಿಯನ್ನೂ ಕೊಟ್ಟರು. ಮೊದಲ ಹೆಸರು ರಾಣಿಯದು, ಎರಡನೆಯದು ರಾಣಿಯ ಗಂಡನದು! ಆಮೇಲೆ ಯುರೋಪಿನ ದೊರೆಗಳು, ಸೇನಾಧಿಕಾರಿಗಳು, ರೆಜಿಮೆಂಟಿನ ವೈದ್ಯರು, ಸಂಸತ್ತಿನ ಎರಡೂ ಸದನ, ಪತ್ರಿಕೆಗಳು. ಚಿತ್ರಗಳಿಗೆ ಗಾಜಿನ ಚೌಕಟ್ಟು ಹಾಕಿಸಿ ಸೇನಾ ಕಚೇರಿಗಳ ಗೋಡೆಗೆ ತೂಗುಹಾಕಬೇಕೆಂಬ ಯೋಚನೆಯೂ ಇತ್ತು.

ಆಯೋಗದ ವರದಿಗಳು ಕಪಾಟು ಸೇರುವುದು ಇಂದಿನ ರೋಗವೇನಲ್ಲ. ನೈಟಿಂಗೇಲ್ ಅವರಿಗೆ ಅದು ಮೊದಲೇ ಗೊತ್ತಿತ್ತು. ಆದ್ದರಿಂದ ವರದಿ ಹೊರಬರುವ ಮೊದಲೇ, ಅದನ್ನು ಜಾರಿಗೆ ತರಲು ನಾಲ್ಕು ಉಪಸಮಿತಿಗಳು ಬೇಕೆಂದು ಹರ್ಬರ್ಟ್ ಮೂಲಕ ಪಟ್ಟು ಹಿಡಿದರು. ಬ್ಯಾರಕ್‌ಗಳ ದುರಸ್ತಿಗೆ ಒಂದು, ಸೇನೆಯ ಅಂಕಿಅಂಶ ವಿಭಾಗಕ್ಕೆ ಒಂದು, ಸೇನಾ ವೈದ್ಯಕೀಯ ಶಾಲೆಗೆ ಒಂದು, ನಿಯಮಗಳ ತಿದ್ದುಪಡಿಗೆ ಒಂದು. ಕೆಲವೇ ವರ್ಷಗಳಲ್ಲಿ ಬ್ಯಾರಕ್‌ಗಳಲ್ಲಿ ಗಾಳಿ, ನೀರು, ಅಡುಗೆಮನೆ ಸುಧಾರಿಸಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಂಕಿಅಂಶ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಆಮೇಲೆ ನಮ್ಮ ದೇಶದ ಸರದಿ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. 1859ರಲ್ಲಿ ಇದಕ್ಕೂ ಆಯೋಗವಾಯಿತು. ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಪ್ರಶ್ನಾವಳಿ ತಯಾರಿಸಿ ಪ್ರತಿಯೊಂದು ಸೇನಾ ಠಾಣೆಗೂ ಕಳಿಸಿದರು. ಕುಡಿಯುವ ನೀರು ಎಲ್ಲಿಯದು, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬಂಥ ನೇರ ಪ್ರಶ್ನೆಗಳು. ಬಂದ ಉತ್ತರಗಳ ರಾಶಿ ಎಷ್ಟಿತ್ತೆಂದರೆ ಮನೆ ಬದಲಿಸುವಾಗ ಆ ಕಾಗದಕ್ಕೇ ಬೇರೆ ಗಾಡಿ ಬೇಕಾಗುತ್ತಿತ್ತು. 1863ರಲ್ಲಿ ಹೊರಬಂದ ವರದಿ ಎರಡು ಸಾವಿರ ಪುಟ ದಾಟಿತು. ಯಾರು ಓದುತ್ತಾರೆ? ಅದನ್ನು ಬಲ್ಲ ನೈಟಿಂಗೇಲ್ ಎಲ್ಲ ಉತ್ತರಗಳ ಸಾರವನ್ನು ಕೆಲವೇ ಪುಟಗಳ ಟಿಪ್ಪಣಿಗಿಳಿಸಿ, ಮರದಚ್ಚಿನ ಚಿತ್ರಗಳನ್ನೂ ಸೇರಿಸಿದರು. ಚಿತ್ರಗಳ ಖರ್ಚಿಗೆ ಖಜಾನೆ ತಕರಾರು ತೆಗೆದಾಗ ತಾವೇ ಹಣ ಕೊಟ್ಟರು. ಆ ಟಿಪ್ಪಣಿಯಲ್ಲಿ ನಮ್ಮ ಬೆಂಗಳೂರೂ ಇದೆ. ಬಜಾರಿನ ಕೊಳಚೆಯೆಲ್ಲ ಹರಿದು ಸೇರುವ ಹಲಸೂರು ಕೆರೆಯ ನೀರನ್ನೇ ಕುಡಿಯಲು ಬಳಸುತ್ತಿದ್ದಾರೆ ಎಂದು ಅವರು ದಾಖಲಿಸಿದ್ದಾರೆ. ಲಂಡನ್ನಿನ ಹಾಸಿಗೆಯಲ್ಲಿ ಕೂತವರಿಗೆ ಕಂಡದ್ದು ಕೆರೆಯ ಪಕ್ಕದಲ್ಲೇ ಇದ್ದ ಅಧಿಕಾರಿಗಳಿಗೆ ಕಾಣದಿದ್ದದ್ದು ಹೇಗೋ! ಹತ್ತು ವರ್ಷದ ನಂತರ ಅವರು ಇದೇ ವಿಷಯದ ಮೇಲೆ ಮತ್ತೊಂದು ಪ್ರಬಂಧ ಬರೆದಾಗ ಸಾವಿನ ಪ್ರಮಾಣ ಸಾವಿರಕ್ಕೆ 18ಕ್ಕೆ ಇಳಿದಿತ್ತು.

ಎಲ್ಲವೂ ಗೆದ್ದಿತು ಎಂದಲ್ಲ. 1861ರ ಜನಗಣತಿಯಲ್ಲಿ ಪ್ರತಿ ಮನೆಯ ಕಾಯಿಲೆಯವರನ್ನೂ, ಮನೆಯ ಸ್ಥಿತಿಯನ್ನೂ ಬರೆದುಕೊಳ್ಳಿ ಎಂದು ಕೇಳಿದ್ದನ್ನು ಸರ್ಕಾರ ಒಪ್ಪಲಿಲ್ಲ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಇಡಲಿ ಎಂದು ಅವರು ರೂಪಿಸಿದ ಫಾರಂಗಳನ್ನು 1860ರ ಅಂತಾರಾಷ್ಟ್ರೀಯ ಅಂಕಿಅಂಶ ಸಮ್ಮೇಳನ ಮೆಚ್ಚಿತು, ಲಂಡನ್ನಿನ ಕೆಲವು ಆಸ್ಪತ್ರೆಗಳು ಬಳಸಿಯೂ ನೋಡಿದವು, ಸ್ವಲ್ಪ ಕಾಲಕ್ಕೆ ಕೈಬಿಟ್ಟವು. ತುಂಬುವುದು ತ್ರಾಸದ ಕೆಲಸವಾಗಿತ್ತು. ಮಂತ್ರಿಗಳ ಓದುವ ಅಭ್ಯಾಸವನ್ನು ಅಷ್ಟು ಚೆನ್ನಾಗಿ ಬಲ್ಲವರು ಆಸ್ಪತ್ರೆಯ ಗುಮಾಸ್ತರ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೇನೋ. ಜೊತೆಗಾರರನ್ನು ದುಡಿಸುವುದರಲ್ಲೂ ಕಠಿಣ. ಸಿಡ್ನಿ ಹರ್ಬರ್ಟ್ ತೀವ್ರ ಕಾಯಿಲೆ ಬಿದ್ದಾಗಲೂ ಕೆಲಸ ಬಿಡಬೇಡಿ ಎಂದು ಒತ್ತಾಯಿಸುತ್ತಲೇ ಇದ್ದರು. ಹರ್ಬರ್ಟ್ 1861ರಲ್ಲಿ ತೀರಿಕೊಂಡರು.

ಸಂತ ಥಾಮಸ್ ಆಸ್ಪತ್ರೆಯ ನರ್ಸಿಂಗ್ ಶಾಲೆ, ಲಕ್ಷಾಂತರ ಓದುಗರನ್ನು ಕಂಡ ಶುಶ್ರೂಷೆಯ ಪುಟ್ಟ ಪುಸ್ತಕ, ಇವೆಲ್ಲ ಪಾಠದಲ್ಲಿ ಬಂದೇ ಇವೆ. ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು, ಬರೆಯುವುದು ನಿಂತಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಮಾತು ಬಂತು. ಮನೆಯವರು ಅವರ ಇಚ್ಛೆಯಂತೆ ಬೇಡವೆಂದು, ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರಿಗಾಗಿ ಕೆತ್ತಿದ್ದು ಎಫ್. ಎನ್. ಎಂಬ ಎರಡು ಅಕ್ಷರ, ಹುಟ್ಟು ಸಾವಿನ ಕಾಲ. ಅಷ್ಟೇ.